ದ್ರಾಕ್ಷಿ ತೋಟ, ವೈನರಿ, ರೈತರ ಸಂತೆ: ಅವಸರವಿಲ್ಲದ ರಜೆಯನ್ನು ಹೊಂದಿಸುವುದು ಹೇಗೆ?

ನಿಧಾನಯಾತ್ರಿ

ಎಲ್ಲರಿಗೂ ನಮಸ್ಕಾರ. ಈ ಸಲದ ರಜೆಯಲ್ಲಿ ಊರೂರು ಓಡುವುದು ಬೇಡ ಎಂದು ಮನೆಯಲ್ಲಿ ಮಾತಾಗಿದೆ. ದ್ರಾಕ್ಷಿ ಬೆಳೆಯುವ ಯಾವುದಾದರೂ ಒಂದೇ ಪ್ರದೇಶ ಆರಿಸಿಕೊಂಡು, ಅಲ್ಲೇ ಮನೆ ಬಾಡಿಗೆಗೆ ಹಿಡಿದು, ಸುತ್ತಲಿನ ಸಣ್ಣ ವೈನರಿಗಳನ್ನೂ ರೈತರ ಸಂತೆಗಳನ್ನೂ ನೋಡುವ ಯೋಚನೆ. ನಾನು, ಹೆಂಡತಿ, ಜೊತೆಗೆ ಅತ್ತೆ. ಅತ್ತೆ ವೈನ್ ಮುಟ್ಟುವುದಿಲ್ಲ. ಆದರೆ ಸಂತೆ ಅಂದರೆ ಅವರಿಗೆ ಪ್ರಾಣ.

ದಿನಕ್ಕೆ ಎಷ್ಟು ವೈನರಿ ನೋಡಬಹುದು? ಯಾವ ಕಾಲಕ್ಕೆ ಹೋಗಬೇಕು? ಅಲ್ಲಿ ಏನು ಕೇಳಬೇಕು? ನಮಗೆ ವೈನ್ ಬಗ್ಗೆ ಜಾಸ್ತಿ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆ ಇದೆ. ಹೋಗಿ ಬಂದವರು ಹೇಳಿ.

ದ್ರಾಕ್ಷಿಬಳ್ಳಿ

ದಿನಕ್ಕೆ ಎರಡು. ಮೂರನೆಯದು ಬೇಡವೇ ಬೇಡ.

ಲೆಕ್ಕ ಹಾಕಿ ನೋಡಿ. ರುಚಿ ನೋಡಲು ಒಂದು ಸಲಕ್ಕೆ ಸಾಮಾನ್ಯವಾಗಿ 30ರಿಂದ 60 ಮಿಲಿ ಸುರಿಯುತ್ತಾರೆ. 50 ಮಿಲಿಯಂತೆ ಆರು ಬಗೆ ಕುಡಿದರೆ 300 ಮಿಲಿ ಆಯಿತು. ಅಂದರೆ ಊಟದ ಜೊತೆ ಕುಡಿಯುವ ಎರಡು ಗ್ಲಾಸು. ಇಂಥ ಮೂರು ಕಡೆ ಹೋದರೆ ಒಬ್ಬೊಬ್ಬರ ಹೊಟ್ಟೆಗೂ ಒಂದು ಪೂರ್ತಿ ಬಾಟಲಿಗಿಂತ ಹೆಚ್ಚು ಇಳಿದಿರುತ್ತದೆ. ಆಮೇಲೆ ಯಾವ ವೈನ್ ಹೇಗಿತ್ತು ಎಂದು ಯಾರಿಗೆ ನೆನಪಿರುತ್ತದೆ?

ಮೇಜಿನ ಮೇಲೆ ಉಗುಳುವುದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಅದನ್ನು ಬಳಸಿ, ಸಂಕೋಚ ಬೇಡ. ವೈನ್ ತಯಾರಿಸುವವರು ತಾವೂ ಹಾಗೇ ಮಾಡುತ್ತಾರೆ. ಆದರೆ ಗಾಡಿ ಓಡಿಸುವವರು ಅದನ್ನೂ ನಂಬಬಾರದು. ಉಗುಳಿದರೂ ಸ್ವಲ್ಪ ಒಳಗೆ ಹೋಗುತ್ತದೆ. ಕಾಫಿ ಕುಡಿದರೆ, ಮುಖ ತೊಳೆದರೆ ಅಮಲು ಬೇಗ ಇಳಿಯುವುದಿಲ್ಲ, ಅದಕ್ಕೆ ಗಂಟೆಗಳೇ ಬೇಕು. ಬಾಡಿಗೆ ಕಾರಿಗೆ ಚಾಲಕರನ್ನು ಗೊತ್ತು ಮಾಡಿಕೊಳ್ಳಿ. ಇಲ್ಲವಾದರೆ ಪ್ರತಿದಿನ ಒಬ್ಬರು ಕುಡಿಯದೆ ಇರುವುದೆಂದು ಹೊರಡುವ ಮೊದಲೇ ತೀರ್ಮಾನ ಮಾಡಿ.

ಬುಟ್ಟಿ_ತುಂಬ

ನಾನು ಸಂತೆಯ ಕಡೆಯವಳು. ಹಾಗಾಗಿ ನನ್ನ ಸಲಹೆ ಸರಳ. ಬೆಳಿಗ್ಗೆ ಸಂತೆ, ಮಧ್ಯಾಹ್ನ ಮನೆಯಲ್ಲಿ ಅಡುಗೆ, ಸಂಜೆ ಒಂದೇ ವೈನರಿ.

ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ಹೋಟೆಲಿನಲ್ಲಿ ಉಳಿದವರಿಗೆ ಸಂತೆ ಬರೀ ನೋಡುವ ಜಾಗ. ಟೊಮೆಟೊ, ಸೊಪ್ಪು, ಮೊಟ್ಟೆ ಕೈಯಲ್ಲಿ ಹಿಡಿದು ನೋಡಿ ಮತ್ತೆ ಅಲ್ಲೇ ಇಟ್ಟು ಬರಬೇಕು. ಒಲೆ ಇದ್ದರೆ ಆ ದಿನದ ಊಟವನ್ನು ಸಂತೆಯೇ ಹೇಳಿಕೊಡುತ್ತದೆ.

ಇನ್ನೊಂದು ಮಾತು. ಮನೆ ಬುಕ್ ಮಾಡುವ ಮೊದಲು ಸಂತೆಯ ವಾರ ಯಾವುದು ಎಂದು ತಿಳಿದುಕೊಳ್ಳಿ. ರೈತರ ಸಂತೆ ಎಷ್ಟೋ ಕಡೆ ವಾರಕ್ಕೆ ಒಂದೇ ದಿನ, ಅದೂ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಅಕ್ಕಪಕ್ಕದ ಊರುಗಳಲ್ಲಿ ಬೇರೆ ಬೇರೆ ವಾರ ಇರಬಹುದು. ಆ ದಿನಗಳನ್ನು ಮೊದಲು ಬರೆದಿಟ್ಟುಕೊಂಡು, ಉಳಿದ ಸಮಯಕ್ಕೆ ವೈನರಿಗಳನ್ನು ಹೊಂದಿಸಿ. ತುಂಬಾ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮಣ್ಣಿನನಂಟು

ಕಾಲದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಭೂಮಿಯ ಉತ್ತರ ಭಾಗದ ಹೆಚ್ಚಿನ ವೈನ್ ಪ್ರದೇಶಗಳಲ್ಲಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್. ದಕ್ಷಿಣದಲ್ಲಿ ಫೆಬ್ರವರಿಯಿಂದ ಏಪ್ರಿಲ್. ಎಲ್ಲರೂ ಕೊಯ್ಲಿಗೇ ಹೋಗಿ ಅನ್ನುತ್ತಾರೆ. ಗಾಳಿಯಲ್ಲೇ ಹುದುಗುವ ದ್ರಾಕ್ಷಿಯ ವಾಸನೆ ಇರುತ್ತದೆ, ತುಂಬಿದ ಕ್ರೇಟುಗಳು ಬರುತ್ತಾ ಇರುತ್ತವೆ, ನೋಡಲು ಬಲು ಚೆಂದ ನಿಜ. ಆದರೆ ಸಣ್ಣ ವೈನರಿಯವರಿಗೆ ಆಗ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ನಿಮ್ಮ ಜೊತೆ ಕೂತು ಮಾತಾಡುವವರು ಯಾರು?

ಕೊಯ್ಲಿಗೆ ಕೆಲವು ವಾರ ಮೊದಲು ಹೋಗಿ. ಹಸಿರು ಕಾಯಿಗಳು ಬಣ್ಣಕ್ಕೆ ತಿರುಗುವ ಹೊತ್ತು ಅದು. ಒಂದೇ ಗೊಂಚಲಿನಲ್ಲಿ ಹಸಿರು, ಗುಲಾಬಿ, ನೇರಳೆ ಮೂರೂ ಇರುತ್ತವೆ. ಅಲ್ಲಿಂದ ಮುಂದೆ ಕಾಯಿಯಲ್ಲಿ ಹುಳಿ ಇಳಿಯುತ್ತಾ ಸಕ್ಕರೆ ಏರುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಸಂತೆಯಲ್ಲೂ ಬೇಸಿಗೆಯ ಹಣ್ಣು ತರಕಾರಿ ತುಂಬಿ ತುಳುಕುತ್ತಿರುತ್ತದೆ. ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಚಳಿಗಾಲದವನು

ನಾನು ಒಪ್ಪುವುದಿಲ್ಲ. ಚಳಿಗಾಲದಲ್ಲಿ ಹೋಗಿ ನೋಡಿ. ಎಲೆ ಉದುರಿ ಬರೀ ಕಾಂಡ ನಿಂತಿರುತ್ತದೆ. ಚಾಟನಿ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸ ನಡೆಯುತ್ತಿರುತ್ತದೆ. ಯಾವ ಕಡ್ಡಿ ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ಒಂದೊಂದು ಬಳ್ಳಿಯ ಮುಂದೆಯೂ ನಿಂತು ತೀರ್ಮಾನ ಮಾಡುತ್ತಾರೆ. ಮುಂದಿನ ಬೆಳೆ ಎಷ್ಟು ಬರಬೇಕು ಅನ್ನುವುದು ಬಹುಪಾಲು ಆಗಲೇ ಗೊತ್ತಾಗಿರುತ್ತದೆ. ಆಗ ಬಂದವರನ್ನು ಮಾಲೀಕರೇ ಕರೆದು ಕೂರಿಸುತ್ತಾರೆ, ತಾವೇ ಸುರಿದು ಕೊಡುತ್ತಾರೆ. ಜನಜಂಗುಳಿ ಇಲ್ಲ, ಬಾಡಿಗೆಯೂ ಕಡಿಮೆ.

ಬುಟ್ಟಿ_ತುಂಬ

ವೈನ್ ಅಷ್ಟೇ ಆದರೆ ನಿಮ್ಮ ಮಾತು ಸರಿ. ಆದರೆ ಚಳಿ ಪ್ರದೇಶಗಳಲ್ಲಿ ಆಗ ಸಂತೆಯೇ ಸೊರಗಿರುತ್ತದೆ. ಗೆಡ್ಡೆ, ಎಲೆಕೋಸು, ಕೂಡಿಟ್ಟ ಸೇಬು ಇಷ್ಟೇ. ಕೆಲವು ಸಂತೆಗಳಂತೂ ಬಾಗಿಲೇ ಹಾಕಿಬಿಡುತ್ತವೆ. ಇವರ ಅತ್ತೆಯನ್ನು ಯೋಚಿಸಿ ಹೇಳಿ!

ನಿಧಾನಯಾತ್ರಿ

ಎಲ್ಲರಿಗೂ ಧನ್ಯವಾದ. ಕೊಯ್ಲಿಗೆ ಮೊದಲು ಹೋಗುವುದು ನಮಗೆ ಹಿಡಿಸಿತು. ಅತ್ತೆಯ ಮಾತು ಬಂದಿದ್ದರಿಂದ ಇನ್ನೊಂದು ಪ್ರಶ್ನೆ. ನಾವು ರುಚಿ ನೋಡುತ್ತಿರುವಾಗ ಅವರು ಸುಮ್ನೆ ಒಂದು ಮೂಲೆಯಲ್ಲಿ ಕೂರುವಂತಾಗಬಾರದು. ಕುಡಿಯದವರಿಗೆ ವೈನರಿಯಲ್ಲಿ ಏನಿದೆ?

ಹಿತ್ತಲಗಿಡ

ತುಂಬಾ ಇದೆ. ನಾನು ಕುಡಿಯುವುದಿಲ್ಲ. ಆದರೂ ದ್ರಾಕ್ಷಿ ತೋಟ ಇರುವ ಊರು ಅಂದರೆ ಮನಸ್ಸು ಎಳೆಯುತ್ತದೆ.

ಮೊದಲನೆಯದು, ಮೂಗು. ವೈನ್‌ನಲ್ಲಿ ನಾವು ರುಚಿ ಅನ್ನುವುದರಲ್ಲಿ ಹೆಚ್ಚಿನದು ವಾಸನೆಯೇ. ಗ್ಲಾಸು ತಿರುಗಿಸಿ ಮೂಸಿ ನೋಡಲು ಕುಡಿಯಲೇಬೇಕೆಂದಿಲ್ಲ. ಅಡುಗೆಮನೆಯಲ್ಲಿ ಬದುಕು ಕಳೆದವರ ಮೂಗು ಬಹಳ ಚುರುಕು. ನಿಂಬೆಸಿಪ್ಪೆ, ಮೆಣಸು, ಒದ್ದೆ ಮಣ್ಣು, ಲವಂಗ ಎಂದು ಅವರೇ ಮೊದಲು ಗುರುತಿಸುತ್ತಾರೆ. ನಿಮ್ಮ ಅತ್ತೆಗೂ ಇದು ಇಷ್ಟ ಆಗಬಹುದು ಅನಿಸುತ್ತದೆ. ಅವರಿಗೆ ಮೂಸುವುದೂ ಬೇಡ ಅನಿಸಿದರೆ ಒತ್ತಾಯ ಮಾಡಬೇಡಿ ಅಷ್ಟೇ.

ಎರಡನೆಯದು, ಹಣ್ಣು. ವೈನ್ ದ್ರಾಕ್ಷಿ ನಾವು ತಿನ್ನುವ ದ್ರಾಕ್ಷಿಯ ಹಾಗಲ್ಲ. ಸಣ್ಣದು, ಸಿಪ್ಪೆ ದಪ್ಪ, ಬೀಜ ಇರುತ್ತದೆ. ಪೂರ್ತಿ ಮಾಗಿದಾಗ ಅಂಗಡಿಯ ದ್ರಾಕ್ಷಿಗಿಂತ ಸಿಹಿ ಜಾಸ್ತಿ. ಕೇಳಿದರೆ ಒಂದೆರಡು ಕೊಡುತ್ತಾರೆ. ಕೆಲವರು ಹುದುಗಿಸದ ರಸವನ್ನೂ ಬಾಟಲಿಗೆ ತುಂಬಿ ಮಾರುತ್ತಾರೆ.

ಮತ್ತೆ, ಹೋಗುವ ಮೊದಲು ಫೋನ್ ಮಾಡಿ ಮೆಟ್ಟಿಲು ಎಷ್ಟಿವೆ ಎಂದು ಕೇಳಿ. ನೆಲಮಾಳಿಗೆಗಳಲ್ಲಿ ಬಿಸಿಲುಗಾಲದಲ್ಲೂ ಥಂಡಿ ಇರುತ್ತದೆ, ಸುಮಾರು 12ರಿಂದ 15 ಡಿಗ್ರಿ ಅಷ್ಟೇ. ಅವರಿಗೊಂದು ಶಾಲು ಇರಲಿ.

ದ್ರಾಕ್ಷಿಬಳ್ಳಿ

ಹಿತ್ತಲಗಿಡ ಅವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೊಯ್ಲಿನ ಸಮಯದಲ್ಲಿ ಹುದುಗುವ ತೊಟ್ಟಿಗಳಿರುವ ಕೋಣೆಗೆ ಯಾರನ್ನೂ ಕೇಳದೆ ಹೋಗಬೇಡಿ. ಹುದುಗುವಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತೊಟ್ಟಿಯೊಳಗೆ ಬಗ್ಗಿ ನೋಡುವುದಂತೂ ಬೇಡ. ಅಲ್ಲಿ ಕೆಲಸ ಮಾಡುವವರ ಪ್ರಾಣವೇ ಹೋದದ್ದುಂಟು.

ಇನ್ನು ಏನು ಕೇಳಬೇಕು ಅನ್ನುವ ಪ್ರಶ್ನೆ. "ನಿಮ್ಮಲ್ಲಿ ಅತಿ ಒಳ್ಳೆಯ ವೈನ್ ಯಾವುದು?" ಎಂದು ಕೇಳಬೇಡಿ. ದುಬಾರಿ ಬಾಟಲಿ ತೋರಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. "ಈ ವರ್ಷ ಮಳೆ ಹೇಗಿತ್ತು?" ಎಂದು ಕೇಳಿ. ಬೆಳೆಗಾರರ ಮುಖ ತಕ್ಷಣ ಬದಲಾಗುತ್ತದೆ. ಹೂ ಬಿಡುವಾಗ ಮಳೆ ಬಿದ್ದರೆ ಕಾಯಿ ಕಚ್ಚುವುದು ಕಡಿಮೆ. ಕೊಯ್ಲಿನ ಹೊತ್ತಿಗೆ ಬಿದ್ದರೆ ಹಣ್ಣು ಒಡೆದು ಕೊಳೆಯುತ್ತದೆ. ನಿಮ್ಮ ಗ್ಲಾಸಿನಲ್ಲಿ ಇರುವುದು ಆ ವರ್ಷದ ಹವಾಮಾನವೂ ಹೌದು. ಇದು ಗೊತ್ತಾದ ಮೇಲೆ ಎರಡು ವರ್ಷದ ವೈನ್‌ಗಳನ್ನು ಪಕ್ಕಪಕ್ಕ ಇಟ್ಟು ಕೊಡಿ ಎಂದು ಕೇಳಿ. ಅದೇ ತೋಟ, ಅದೇ ತಳಿ, ಬೇರೆ ವರ್ಷ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಬಣ್ಣದ ಬಗ್ಗೆಯೂ ಕೇಳಿ. ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ. ಕೆಂಪು ಬರುವುದು ಸಿಪ್ಪೆಯಿಂದ. ರಸವನ್ನು ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು ವೈನ್. ಸ್ವಲ್ಪ ಹೊತ್ತು ಮಾತ್ರ ಸಿಪ್ಪೆಯ ಜೊತೆ ಬಿಟ್ಟು ಬೇರ್ಪಡಿಸಿದರೆ ರೋಸೆ ಎಂಬ ಗುಲಾಬಿ ಬಣ್ಣದ ವೈನ್. ಮೊದಲೇ ಹಿಂಡಿ ಸಿಪ್ಪೆ ತೆಗೆದರೆ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಬರುತ್ತದೆ. ಫ್ರಾನ್ಸಿನ ಶಾಂಪೇನ್‌ನಲ್ಲಿ ಪಿನೋ ನುವಾರ್ ಎಂಬ ಕಪ್ಪು ದ್ರಾಕ್ಷಿಯನ್ನು ಹೀಗೆ ಬಳಸುತ್ತಾರೆ. ಬಿಳಿ ದ್ರಾಕ್ಷಿಯನ್ನು ಸಿಪ್ಪೆಯೊಂದಿಗೆ ಬಿಟ್ಟರೆ ಕಿತ್ತಳೆ ಛಾಯೆ ಬರುತ್ತದೆ. ಜಾರ್ಜಿಯಾ ದೇಶದಲ್ಲಿ ಮಣ್ಣಿನ ದೊಡ್ಡ ಗುಡಾಣಗಳನ್ನು ನೆಲದಲ್ಲಿ ಹೂತು ಇಂಥ ವೈನ್ ಮಾಡುತ್ತಾರೆ. ಸುಮಾರು 8,000 ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ವೈನ್‌ನ ಕುರುಹು ಸಿಕ್ಕಿದ್ದು ಅದೇ ದೇಶದಲ್ಲಿ. ಗುಡಾಣದ ಈ ವಿದ್ಯೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊಸಬಳು

ಬಾಯಿ ಒಣಗಿದ ಹಾಗೆ ಆಗುತ್ತದಲ್ಲ ಕೆಲವು ಕೆಂಪು ವೈನ್ ಕುಡಿದಾಗ, ಅದು ಯಾಕೆ? ನನಗೆ ಅದು ಕೆಟ್ಟ ವೈನ್ ಅನಿಸುತ್ತದೆ.

ದ್ರಾಕ್ಷಿಬಳ್ಳಿ

ಅದು ಒಗರು. ಸಿಪ್ಪೆ, ಬೀಜ, ತೊಟ್ಟು, ವೈನ್ ಇಡುವ ಓಕ್ ಮರದ ಪೀಪಾಯಿ ಇವುಗಳಿಂದ ಬರುವ ಟ್ಯಾನಿನ್‌ನ ಕೆಲಸ. ಕಡು ಚಹಾದಲ್ಲೂ ಅದೇ ಒಗರು ಇದೆ. ಎಳೆಯ ವೈನ್‌ನಲ್ಲಿ ಜೋರಾಗಿರುತ್ತದೆ, ಇಟ್ಟಷ್ಟೂ ಮೆದುವಾಗುತ್ತದೆ. ಒಂದು ತುಂಡು ಚೀಸ್ ತಿಂದು ಮತ್ತೆ ಗುಟುಕರಿಸಿ ನೋಡಿ. ಟ್ಯಾನಿನ್ ಚೀಸಿನ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗುವುದು ಕಡಿಮೆಯಾಗುತ್ತದೆ. ಅದಕ್ಕೇ ಸಂತೆಯಿಂದ ಚೀಸ್, ಬ್ರೆಡ್ ತೆಗೆದುಕೊಂಡು ಹೋಗಿ ಅನ್ನುವುದು. ಹೊರಗಿನ ತಿಂಡಿ ತರಬಹುದೇ ಎಂದು ಮಾತ್ರ ಮೊದಲೇ ಕೇಳಿ.

ಮಣ್ಣಿನನಂಟು

ತೋಟಕ್ಕೆ ಇಳಿಯುವ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಮುಖ್ಯ ಅನಿಸುವುದು ಇದೇ.

ಕೇಳದೆ ಬಳ್ಳಿ ಸಾಲಿನೊಳಗೆ ಹೆಜ್ಜೆ ಇಡಬೇಡಿ. ಫೋಟೋಗೂ ಬೇಡ. ಫೈಲಾಕ್ಸೆರಾ ಎಂಬ ಪುಟ್ಟ ಕೀಟ ಇದೆ. ಬೇರಿನ ರಸ ಹೀರಿ ಬಳ್ಳಿಯನ್ನೇ ಕೊಲ್ಲುತ್ತದೆ. ಉತ್ತರ ಅಮೆರಿಕದಿಂದ ಬಂದ ಇದು 1860ರ ದಶಕದಿಂದ ಯುರೋಪಿನ ತೋಟಗಳನ್ನು ಹಾಳುಗೆಡವಿತು. ಕೊನೆಗೆ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಬೇರಿನ ಮೇಲೆ ಯುರೋಪಿನ ಬಳ್ಳಿಯನ್ನು ಕಸಿ ಮಾಡಿ ಉಳಿಸಿಕೊಂಡರು. ಇವತ್ತಿಗೂ ಹೆಚ್ಚಿನ ಕಡೆ ಹಾಗೇ ಬೆಳೆಯುತ್ತಾರೆ. ಈ ಕೀಟ ಕಾಲಿಡದ ಪ್ರದೇಶಗಳೂ ಇವೆ. ಆಸ್ಟ್ರೇಲಿಯಾದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ, ಚಿಲಿ ದೇಶ ಹೀಗೆ. ಚಪ್ಪಲಿಗೆ ಮೆತ್ತಿದ ಮಣ್ಣಿನಲ್ಲಿ ಕೀಟ ಒಂದು ತೋಟದಿಂದ ಇನ್ನೊಂದಕ್ಕೆ ಹೋಗಬಲ್ಲದು. "ಇಲ್ಲಿ ನಿಲ್ಲಿ" ಎಂಬ ಬೋರ್ಡ್ ಕಂಡರೆ ಅದು ಜಂಬ ಅಲ್ಲ, ಭಯ. ಬೆಳಿಗ್ಗೆ ಒಂದು ತೋಟ, ಸಂಜೆ ಇನ್ನೊಂದು ಅಂದರೆ ನಡುವೆ ಚಪ್ಪಲಿ ಒರೆಸಿಕೊಳ್ಳಿ.

ಸಾಲಿನ ತುದಿಯಲ್ಲಿ ಗುಲಾಬಿ ಗಿಡ ನೋಡುತ್ತೀರಿ. ಬೂದಿರೋಗ ಮೊದಲು ಗುಲಾಬಿಗೆ ಬರುತ್ತದೆ, ಅದನ್ನು ನೋಡಿ ಬಳ್ಳಿಗೆ ಔಷಧಿ ಹೊಡೆಯುತ್ತಾರೆ ಎಂದು ಹೇಳುವುದುಂಟು. ಆದರೆ ಗುಲಾಬಿಯ ಬೂದಿರೋಗದ ಶಿಲೀಂಧ್ರವೇ ಬೇರೆ, ದ್ರಾಕ್ಷಿಯದೇ ಬೇರೆ. ಈಗ ಅದನ್ನು ಹೆಚ್ಚಾಗಿ ಚೆಂದಕ್ಕೆ ನೆಡುತ್ತಾರೆ.

ನಿಧಾನಯಾತ್ರಿ

ಚಪ್ಪಲಿಯ ವಿಷಯ ನಮಗೆ ಹೊಳೆಯುತ್ತಲೇ ಇರಲಿಲ್ಲ. ಸಂತೆಯ ಬಗ್ಗೆಯೂ ಹೀಗೇ ವಿವರವಾಗಿ ಹೇಳಿ. ಅಲ್ಲಿ ಕೂತವರೆಲ್ಲ ನಿಜವಾಗಿ ರೈತರೇ ಎಂದು ತಿಳಿಯುವುದು ಹೇಗೆ?

ಬುಟ್ಟಿ_ತುಂಬ

ಎಲ್ಲ ಸಂತೆಯಲ್ಲೂ ರೈತರೇ ಇರುವುದಿಲ್ಲ. ಸಗಟು ಮಾರುಕಟ್ಟೆಯಿಂದ ತಂದು ಮಾರುವವರೂ ಇರುತ್ತಾರೆ. ಅದೇನೂ ಮೋಸವಲ್ಲ, ರೈತ ಎಂದು ಹೇಳಿಕೊಂಡರೆ ಮಾತ್ರ ಮೋಸ. ಬೆಳೆದವರೇ ಮಾರಬೇಕು ಎಂಬ ನಿಯಮ ಇರುವ ಸಂತೆಗಳು ಇವೆ, ಸಿಕ್ಕರೆ ಅಲ್ಲಿಗೆ ಹೋಗಿ. ಅಮೆರಿಕದ ಸಿಯಾಟಲ್‌ನ ಪೈಕ್ ಪ್ಲೇಸ್ ಮಾರುಕಟ್ಟೆ 1907ರಲ್ಲಿ ಶುರುವಾದದ್ದೇ ಈ ಕಾರಣಕ್ಕೆ. ಮಧ್ಯವರ್ತಿಗಳ ಕೈಯಲ್ಲಿ ಬೆಲೆ ಏರುತ್ತಿತ್ತು, ಈರುಳ್ಳಿಯೂ ಕೈಗೆಟುಕದಂತಾಗಿತ್ತು. ಬೆಳೆದವರು ಮತ್ತು ಕೊಳ್ಳುವವರು ನೇರವಾಗಿ ಎದುರಾಗಲಿ ಎಂದು ಜಾಗ ಮಾಡಿಕೊಟ್ಟರು.

ನಾನು ನೋಡುವುದು ಹೀಗೆ. ಒಂದೇ ಮೇಜಿನ ಮೇಲೆ ಆ ಕಾಲಕ್ಕೆ, ಆ ಜಾಗಕ್ಕೆ ಹೊಂದದ ಹಣ್ಣು ಇದ್ದರೆ ಅದು ಹೊರಗಿನದು. ಎಲ್ಲ ಹಣ್ಣೂ ಒಂದೇ ಗಾತ್ರ, ಮೇಲೆ ಸ್ಟಿಕ್ಕರ್ ಇದ್ದರೂ ಅಷ್ಟೇ. ಕಡಿಮೆ ಬಗೆ ಇಟ್ಟುಕೊಂಡು, ಅದರಲ್ಲೇ ಗಾತ್ರ ಬಣ್ಣ ಹೆಚ್ಚುಕಮ್ಮಿ ಇರುವವರ ಹತ್ತಿರ ನಿಲ್ಲಿ. "ಇದನ್ನು ಯಾವಾಗ ಕಿತ್ತಿರಿ? ಇದು ಯಾವ ತಳಿ? ಮುಂದಿನ ವಾರ ಏನು ಬರುತ್ತದೆ?" ಎಂದು ಕೇಳಿ. ಬೆಳೆದವರು ತಡವರಿಸುವುದಿಲ್ಲ. ಮುಂದಿನ ವಾರದ ಪ್ರಶ್ನೆಯಂತೂ ಬಹಳ ಒಳ್ಳೆಯದು. ಅದಕ್ಕೆ ಉತ್ತರ ಗೊತ್ತಿರುವುದು ಹೊಲದಲ್ಲಿ ಓಡಾಡುವವರಿಗೆ ಮಾತ್ರ.

ಸಂತೆಗೆ ಹೋದ ತಕ್ಷಣ ಕೊಳ್ಳಬೇಡಿ. ಮೊದಲು ಬರಿಗೈಲಿ ಒಂದು ಸುತ್ತು ಹಾಕಿ. ಬೇಗ ಹೋದರೆ ಆಯ್ಕೆ ಹೆಚ್ಚು. ಮುಗಿಯುವ ಹೊತ್ತಿಗೆ ಬೆಲೆ ಇಳಿಸುವವರೂ ಇರುತ್ತಾರೆ, ಆದರೆ ಒಳ್ಳೆಯದು ಅಷ್ಟರಲ್ಲಿ ಹೋಗಿರುತ್ತದೆ. ಬೆಳೆದವರ ಹತ್ತಿರ ಜಗ್ಗಾಡಿ ಚೌಕಾಶಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನಸುಕಿನಲ್ಲಿ ಎದ್ದು ಕಿತ್ತು, ಹೊತ್ತು ತಂದಿರುತ್ತಾರೆ. ಹೇಳಿದ ಬೆಲೆ ಕೊಡಿ.

ಹಿತ್ತಲಗಿಡ

ರಜೆಯಲ್ಲಿ ಹಣ್ಣು ಕೊಳ್ಳುವಾಗ ಇದನ್ನು ನೆನಪಿಡಿ. ಸ್ಟ್ರಾಬೆರಿ, ಚೆರ್ರಿ, ದ್ರಾಕ್ಷಿ, ನಿಂಬೆಜಾತಿಯ ಹಣ್ಣು ಕಿತ್ತ ಮೇಲೆ ಮಾಗುವುದಿಲ್ಲ. ಹುಳಿ ಇದ್ದರೆ ಹುಳಿಯೇ. ಹಾಗಾಗಿ ರುಚಿ ನೋಡಿ ತೆಗೆದುಕೊಳ್ಳಿ. ಪೀಚ್, ಪೇರು, ಬೆಣ್ಣೆಹಣ್ಣು, ಟೊಮೆಟೊ ಮನೆಯಲ್ಲೇ ಮಾಗುತ್ತವೆ. ಇವತ್ತಿಗೆ ಮಾಗಿದ್ದು ಒಂದಿಷ್ಟು, ಎರಡು ದಿನ ಬಿಟ್ಟು ತಿನ್ನಲು ಗಟ್ಟಿ ಇರುವುದು ಒಂದಿಷ್ಟು ಕೇಳಿ ತೆಗೆದುಕೊಳ್ಳಿ. ಟೊಮೆಟೊವನ್ನು ಫ್ರಿಜ್‌ನಲ್ಲಿ ಇಡಬೇಡಿ. ಥಂಡಿಗೆ ಅದರ ಘಮ ಹೋಗಿಬಿಡುತ್ತದೆ. ಸಿಹಿ ಜೋಳ ತಂದರೆ ಅವತ್ತೇ ಬೇಯಿಸಿ. ಕಿತ್ತ ಗಳಿಗೆಯಿಂದಲೇ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ.

ಹೊಸಬಳು

ಸಂತೆಯಿಂದ ತಂದದ್ದಕ್ಕೆ ಯಾವ ವೈನ್ ಎಂದು ಗೊತ್ತಾಗುವುದು ಹೇಗೆ?

ಮಣ್ಣಿನನಂಟು

ಎರಡು ಸೂತ್ರ ಸಾಕು. ಊಟದ ಹುಳಿಗಿಂತ ವೈನ್‌ನ ಹುಳಿ ಕಡಿಮೆ ಇರಬಾರದು, ಇದ್ದರೆ ವೈನ್ ಸಪ್ಪೆ ಅನಿಸುತ್ತದೆ. ಸಿಹಿಗೂ ಅದೇ ಮಾತು. ಟೊಮೆಟೊ, ನಿಂಬೆ ಹಾಕಿದ್ದಕ್ಕೆ ಹುಳಿ ಚುರುಕಾಗಿರುವ ಬಿಳಿ ವೈನ್. ಕೊಬ್ಬಿರುವ ಚೀಸಿಗೆ ಒಗರಿರುವ ಕೆಂಪು. ಖಾರದ ಅಡುಗೆಯಾದರೆ ಒಗರೂ ಮದ್ಯದ ಅಂಶವೂ ಜಾಸ್ತಿ ಇರುವುದನ್ನು ಬಿಟ್ಟುಬಿಡಿ. ಖಾರ ಇನ್ನೂ ಉರಿಯುತ್ತದೆ. ತಣ್ಣಗಿನ, ಸ್ವಲ್ಪ ಸಿಹಿ ಇರುವ ಬಿಳಿ ವೈನ್ ತೆಗೆಯಿರಿ. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಚಳಿಗಾಲದವನು

ರುಚಿ ನೋಡಿದ ಮೇಲೆ ಕೊಳ್ಳಲೇಬೇಕಾ ಅನ್ನುವ ಮುಜುಗರ ಎಲ್ಲರಿಗೂ ಇರುತ್ತದೆ, ಅಲ್ವಾ? ನನ್ನ ಅಭಿಪ್ರಾಯ ಹೇಳುತ್ತೇನೆ. ರುಚಿ ನೋಡಲು ಹಣ ತೆಗೆದುಕೊಂಡಿದ್ದರೆ ಯಾವ ಋಣವೂ ಇಲ್ಲ. ಹಿಡಿಸದಿದ್ದರೆ ಧನ್ಯವಾದ ಹೇಳಿ ಬನ್ನಿ. ಆದರೆ ಪುಟ್ಟ ವೈನರಿಯಲ್ಲಿ ಮಾಲೀಕರೇ ಗಂಟೆಗಟ್ಟಲೆ ಕೂತು, ಹಣ ಕೇಳದೆ ಸುರಿದುಕೊಟ್ಟರೆ ಒಂದು ಬಾಟಲಿಯಾದರೂ ಕೊಳ್ಳಿ. ಅದು ಅವರ ಆ ಹೊತ್ತಿನ ಕೂಲಿ. ದೊಡ್ಡ ಅಂಗಡಿಗಳಿಗೆ ಕಳಿಸುವಷ್ಟು ವೈನ್ ಅವರ ಹತ್ತಿರ ಇರುವುದಿಲ್ಲ. ಓಕ್ ಪೀಪಾಯಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 225 ಲೀಟರ್, ಅದರಿಂದ 300 ಬಾಟಲಿ ಬರುತ್ತದೆ. ಕೆಲವರು ಒಂದು ಬಗೆಯನ್ನು ಒಂದೆರಡು ಪೀಪಾಯಿಯಷ್ಟೇ ಮಾಡುತ್ತಾರೆ. ಅಂಥದ್ದು ಬೇಕೆಂದರೆ ಅವರ ಬಾಗಿಲಿಗೇ ಹೋಗಬೇಕು.

ನಿಧಾನಯಾತ್ರಿ

ನಾವು ಇಷ್ಟು ತೀರ್ಮಾನ ಮಾಡಿದ್ದೇವೆ. ಸಂತೆಯ ದಿನಗಳನ್ನು ಮೊದಲು ಗುರುತು ಹಾಕಿಕೊಳ್ಳುವುದು. ಸಂತೆ ಇರುವ ದಿನ ಒಂದು ವೈನರಿ, ಇಲ್ಲದ ದಿನ ಹೆಚ್ಚೆಂದರೆ ಎರಡು. ನಡುವೆ ಒಂದು ದಿನ ಏನೂ ಇಲ್ಲ. ಚಾಲಕರನ್ನು ಅಲ್ಲೇ ಗೊತ್ತು ಮಾಡುತ್ತೇವೆ. ಕೊನೆಯದೊಂದು ಪ್ರಶ್ನೆ: ಕೊಂಡ ಬಾಟಲಿಗಳನ್ನು ಮನೆಗೆ ತರುವುದು ಹೇಗೆ?

ದ್ರಾಕ್ಷಿಬಳ್ಳಿ

ಮೊದಲು ಕಾರು. ಬಿಸಿಲಲ್ಲಿ ನಿಂತ ಕಾರಿನೊಳಗೆ 50 ಡಿಗ್ರಿ ದಾಟಬಹುದು. ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ರುಚಿ ಬೆಂದ ಹಾಗೆ ಆಗುತ್ತದೆ. ಸಂತೆಗೆ ಒಯ್ಯುವ ಥರ್ಮಾಕೋಲ್ ಡಬ್ಬ ಇದಕ್ಕೂ ಆಗುತ್ತದೆ. ವೈನರಿಯನ್ನು ದಿನದ ಕೊನೆಗೆ ಇಟ್ಟುಕೊಳ್ಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ವಿಮಾನವಾದರೆ ಬಾಟಲಿ ಸಾಮಾನ್ಯವಾಗಿ ಕೈಚೀಲದಲ್ಲಿ ನಡೆಯುವುದಿಲ್ಲ, ಸಾಮಾನಿನ ಜೊತೆ ಹಾಕಬೇಕು. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ. ದೇಶ ದಾಟುವುದಾದರೆ ಸುಂಕವಿಲ್ಲದೆ ಎಷ್ಟು ತರಬಹುದು ಎಂದು ಮೊದಲೇ ನೋಡಿ. ಮನೆಗೆ ಬಂದ ಮೇಲೆ ಬಿರಡೆ ಇರುವ ಬಾಟಲಿಯನ್ನು ಮಲಗಿಸಿ ಇಡಿ, ಬಿರಡೆ ಒಣಗಬಾರದು. ತಿರುಪು ಮುಚ್ಚಳದ್ದಾದರೆ ನಿಲ್ಲಿಸಿದರೂ ತೊಂದರೆ ಇಲ್ಲ.

ಬುಟ್ಟಿ_ತುಂಬ

ಸಂತೆಯ ಹಣ್ಣು, ಬೀಜ, ಸಸಿ ಮಾತ್ರ ಗಡಿ ದಾಟಿಸಲು ಹೋಗಬೇಡಿ. ಬಹಳಷ್ಟು ದೇಶಗಳು ಬಿಡುವುದಿಲ್ಲ. ಮೇಲೆ ಮಣ್ಣಿನನಂಟು ಅವರು ಹೇಳಿದ ಕೀಟದ ಭಯವೇ ಇಲ್ಲೂ ಇದೆ. ನಿಮ್ಮ ಅತ್ತೆಗೆ ಮೊದಲೇ ಹೇಳಿಡಿ, ಬೀಜದ ಪೊಟ್ಟಣ ಕಂಡರೆ ನನ್ನಂಥವರಿಗೆ ಕೈ ತಡೆಯುವುದಿಲ್ಲ. ಜೇನು, ಜಾಮ್ ತರುವ ಆಸೆಯಿದ್ದರೆ ನಿಮ್ಮ ದೇಶದ ನಿಯಮ ನೋಡಿ ತನ್ನಿ. ಉಳಿದದ್ದನ್ನೆಲ್ಲ ಅಲ್ಲೇ ಬೇಯಿಸಿ ತಿನ್ನಿ. ಅತ್ತೆಗೆ ಸಂತೆಯಲ್ಲಿ ಏನು ಸಿಕ್ಕಿತು ಎಂದು ಬಂದ ಮೇಲೆ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.